ಪ್ಲಾಸ್ಟಿಕ್ ವೆಂಟಿಲೇಟರ್ ಚೌಕಟ್ಟು: ಖರ್ಚು ತಗ್ಗಿಸುವುದು ಎಲ್ಲಿಂದ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕವಿದೆ. ಡೈಯನ್ನು, ಅಂದರೆ ಉಕ್ಕಿನ ಅಚ್ಚನ್ನು, 180 ಟನ್ ಮತ್ತು 350 ಟನ್ ಬಲದಿಂದ ಮುಚ್ಚಿ ಹಿಡಿಯುವ ಎರಡು ಯಂತ್ರಗಳಿವೆ. ಇಷ್ಟು ದಿನ ಬಕೆಟ್, ಕ್ರೇಟ್ ಮಾಡುತ್ತಿದ್ದ ನಾವು ಈಗ ಸ್ನಾನದ ಮನೆಗೆ ಹಾಕುವ, ಗಾಜಿನ ಪಟ್ಟಿಗಳನ್ನು ಓರೆಯಾಗಿ ಕೂರಿಸುವ 600 × 450 ಮಿ.ಮೀ. ವೆಂಟಿಲೇಟರ್ ಚೌಕಟ್ಟಿಗೆ ಕೈ ಹಾಕಿದ್ದೇವೆ. ಹಳೆಯ ಡೈ ಒಂದನ್ನು ಬಾಡಿಗೆಗೆ ತಂದು ಪಾಲಿಪ್ರೊಪಿಲಿನ್‌ನಲ್ಲಿ ಮಾದರಿ ತೆಗೆದೆವು. ಚೌಕಟ್ಟಿನ ಗೋಡೆ 4 ಮಿ.ಮೀ. ದಪ್ಪ, ತೂಕ 1,050 ಗ್ರಾಂ, ಒಂದು ಶಾಟ್‌ಗೆ, ಅಂದರೆ ಒಂದು ಸಲ ಎರೆದು ಹೊರತೆಗೆಯುವುದಕ್ಕೆ, 75 ಸೆಕೆಂಡು. ಉದ್ದದ ಬದಿಗಳು ಒಳಕ್ಕೆ ಬಾಗುತ್ತಿವೆ, ಮಾರುಕಟ್ಟೆಯ ದರಕ್ಕೂ ಹೊಂದುತ್ತಿಲ್ಲ. ಕ್ಯಾಲ್ಸಿಯಂ ಫಿಲ್ಲರ್ (ಪ್ಲಾಸ್ಟಿಕ್‌ಗೆ ಸೇರಿಸುವ ಖನಿಜದ ಪುಡಿ) ಬೆರೆಸಿ ಎಂದು ಒಬ್ಬರು, ಬ್ಯಾಟರಿ ಡಬ್ಬಿಯ ಸ್ಕ್ರ್ಯಾಪ್ ಹಾಕಿ ಎಂದು ಇನ್ನೊಬ್ಬರು ಹೇಳುತ್ತಾರೆ. ಹೊಸ ಡೈಗೆ ದರ ಕೇಳಿದರೆ, ಗಾಜು ಕೂರುವ ಗ್ರೂವ್‌ಗಳಿಗಾಗಿ (ತೋಡುಗಳಿಗಾಗಿ) ಎರಡು ಬದಿಗೂ ಸ್ಲೈಡರ್, ಅಂದರೆ ಡೈಯಲ್ಲಿ ಪಕ್ಕಕ್ಕೆ ಸರಿಯುವ ಭಾಗ, ಬೇಕೆಂದು ಹೇಳಿ ಬೆಲೆ ಏರಿಸುತ್ತಾರೆ. ಚೌಕಟ್ಟಿನ ಖರ್ಚನ್ನು ಹೇಗೆ ಇಳಿಸಬೇಕು? ಮುಂದೆ ಇದೇ ವಿಧಾನದಲ್ಲಿ 4 × 4 ಅಡಿ ಕಿಟಕಿಗೂ ಹೋಗಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಆತಂಕ ಒಂದೇ ಎಂದು ನನಗೆ ತೋರುತ್ತದೆ. ದರ ಇಳಿಯಬೇಕು, ಆದರೆ ಎರಡು ವರ್ಷದ ನಂತರ ಗೋಡೆಯಲ್ಲಿ ಕೂತ ಚೌಕಟ್ಟು ಸೀಳು ಬಿಟ್ಟು, ಮನೆಯವರು ಅಂಗಡಿಯವರನ್ನೂ ಅಂಗಡಿಯವರು ನಿಮ್ಮನ್ನೂ ಹುಡುಕಿಕೊಂಡು ಬರುವ ಸ್ಥಿತಿ ಒದಗಬಾರದು. ಡೈ ವಿನ್ಯಾಸದ ಕೆಲಸದಲ್ಲಿ ಬಹಳ ವರ್ಷ ಕಳೆದವನಾಗಿ ಹೇಳುವುದಾದರೆ, ನಮ್ಮ ಸಣ್ಣ ಘಟಕಗಳು ಉಳಿತಾಯವನ್ನು ಮೊದಲು ಪ್ಲಾಸ್ಟಿಕ್ ಹರಳಿನ ಚೀಲದಲ್ಲಿ ಹುಡುಕುತ್ತವೆ, ನಕ್ಷೆಯತ್ತ ಕೊನೆಗೆ ನೋಡುತ್ತವೆ. ಈ ಕ್ರಮ ತಿರುಗಬೇಕು. ಯಾಕೆಂಬುದನ್ನು ನಿಮ್ಮದೇ ಅಂಕಿಗಳಿಂದ ತೋರಿಸುತ್ತೇನೆ.

ಮೊದಲು ಫಿಲ್ಲರ್ ಮಾತು. ಕ್ಯಾಲ್ಸಿಯಂ ಕಾರ್ಬೊನೇಟ್ ಅಗ್ಗ, ಆದ್ದರಿಂದ ಶೇ 20ರಷ್ಟು ಬೆರೆಸಿದರೆ ಹರಳಿನ ಖರ್ಚು ಶೇ 20ರಷ್ಟು ಇಳಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಇಲ್ಲೊಂದು ತಪ್ಪು ಅಡಗಿದೆ. ನಾವು ಕೊಳ್ಳುವುದು ಕಿಲೋ ಲೆಕ್ಕದಲ್ಲಿ, ಡೈ ತುಂಬಿಕೊಳ್ಳುವುದು ಗಾತ್ರದ ಲೆಕ್ಕದಲ್ಲಿ. ಪಾಲಿಪ್ರೊಪಿಲಿನ್‌ನ ಸಾಂದ್ರತೆ ಸುಮಾರು 0.9, ಕ್ಯಾಲ್ಸಿಯಂ ಕಾರ್ಬೊನೇಟ್‌ನದು ಸುಮಾರು 2.7. ತೂಕದಲ್ಲಿ ಶೇ 20ರಷ್ಟು ಪುಡಿ ಸೇರಿದ ಮಿಶ್ರಣದ ಸಾಂದ್ರತೆ 1.04ರ ಆಸುಪಾಸಿಗೆ ಏರುತ್ತದೆ, ಹಾಗಾಗಿ ಅದೇ ಡೈಯಿಂದ ಹೊರಬರುವ ನಿಮ್ಮ 1,050 ಗ್ರಾಂನ ಚೌಕಟ್ಟು 1,210 ಗ್ರಾಂ ತೂಗುತ್ತದೆ. ಅದರಲ್ಲಿ ಪಾಲಿಪ್ರೊಪಿಲಿನ್ ಸುಮಾರು 970 ಗ್ರಾಂ ಇದ್ದೇ ಇರುತ್ತದೆ. ಅಂದರೆ ನಿಜವಾಗಿ ಉಳಿದದ್ದು ಶೇ 8 ಮಾತ್ರ. ಲೆಕ್ಕದ ಅನುಕೂಲಕ್ಕಾಗಿ ಹರಳಿನ ಬೆಲೆ ಕಿಲೋಗೆ 110 ರೂಪಾಯಿ ಎಂದುಕೊಂಡರೆ ಸುಮಾರು 9 ರೂಪಾಯಿ ಉಳಿಯಿತು. ಬೆರೆಸಿದ 240 ಗ್ರಾಂ ಫಿಲ್ಲರ್‌ಗೆ ಕೊಟ್ಟ ಹಣ ಅದರಲ್ಲಿ ಬಹುಪಾಲನ್ನು ತಿಂದುಹಾಕುತ್ತದೆ. ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಕೆಲವು ರೂಪಾಯಿ, ಅದಕ್ಕೆ ಬದಲಾಗಿ ಹೊಡೆತ ತಾಳುವ ಗುಣ ಕುಗ್ಗುತ್ತದೆ.

ಫಿಲ್ಲರ್‌ನಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕುಗ್ಗುವಿಕೆ ಕಡಿಮೆಯಾಗುತ್ತದೆ, ಬಿಗಿತ ಹೆಚ್ಚುತ್ತದೆ, ಶಾಖ ಬೇಗ ಹೊರಹೋಗುತ್ತದೆ. ಬಾಗುವ ಚೌಕಟ್ಟಿಗೆ ಇವು ನೆರವಾಗುವ ಗುಣಗಳು. ಶೇ 10ರಷ್ಟು ಟಾಲ್ಕ್ (ಬಳಪದ ಕಲ್ಲಿನ ಪುಡಿ) ಅಥವಾ ಕ್ಯಾಲ್ಸಿಯಂ ಸೇರಿಸುವುದಾದರೆ ಚೌಕಟ್ಟು ನೆಟ್ಟಗಾಗಲಿ ಎಂಬ ಕಾರಣಕ್ಕೆ ಸೇರಿಸಿ, ಅಗ್ಗವಾಗುತ್ತದೆಂದು ಎಣಿಸಬೇಡಿ.

ಬ್ಯಾಟರಿ ಡಬ್ಬಿಯ ಸ್ಕ್ರ್ಯಾಪ್ ವಿಚಾರದಲ್ಲಿ ನನ್ನ ಮಾತು ಇನ್ನೂ ಕಟ್ಟುನಿಟ್ಟು. ಆ ಡಬ್ಬಿಗಳ ಮೂಲ ಪ್ಲಾಸ್ಟಿಕ್ ಒಳ್ಳೆಯದೇ, ಹೊಡೆತಕ್ಕೆ ಬಗ್ಗದ, ಕೋಪಾಲಿಮರ್ ಎಂಬ ಬಗೆಯ ಪಾಲಿಪ್ರೊಪಿಲಿನ್. ಆದರೆ ಸರಿಯಾಗಿ ತೊಳೆಯದ ಸ್ಕ್ರ್ಯಾಪ್‌ನಲ್ಲಿ ಸೀಸದ ಧೂಳು ಮತ್ತು ಗಂಧಕಾಮ್ಲದ ಅಂಶ ಉಳಿದಿರುತ್ತದೆ. ಸೀಸದ ಧೂಳು ಗ್ರೈಂಡರ್ ಮುಂದೆ ನಿಲ್ಲುವ ನಿಮ್ಮ ಕೆಲಸಗಾರರ ಮೈ ಸೇರುತ್ತದೆ. ಆಮ್ಲದ ಅಂಶ ಮಾಡುವ ಹಾನಿ ಕಣ್ಣಿಗೆ ಕಾಣದು: ಬಿಸಿಲಿನಿಂದ ಪ್ಲಾಸ್ಟಿಕ್ ಹಾಳಾಗದಿರಲು ನಾವು ಬೆರೆಸುವ ಹಾಲ್ಸ್ ಎಂಬ ಯುವಿ ರಕ್ಷಕಗಳು ಕ್ಷಾರ ಗುಣದವು, ಆಮ್ಲ ತಗುಲಿದರೆ ಅವು ನಿಷ್ಕ್ರಿಯವಾಗುತ್ತವೆ. ನೀವು ದುಡ್ಡು ಕೊಟ್ಟು ಹಾಕಿದ ರಕ್ಷಕ ಡೈಯಿಂದ ಹೊರಬರುವ ಮೊದಲೇ ಸತ್ತಿರುತ್ತದೆ.

ಇದರ ಪರಿಣಾಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೊಮ್ಮೆ ಒಂದು ಘಟಕದವರು ದೂರು ಬಂದ ಮನೆಗೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಪಶ್ಚಿಮದ ಗೋಡೆಯಲ್ಲಿ ಎರಡು ಬೇಸಿಗೆ ಕಳೆದಿದ್ದ ವೆಂಟಿಲೇಟರ್ ಚೌಕಟ್ಟು. ಉಗುರಿನಿಂದ ಕೆರೆದರೆ ಬಿಳಿಯ ಹುಡಿ ಉದುರುತ್ತಿತ್ತು. ಸ್ಕ್ರೂ ತೂತಿನ ಸುತ್ತ ಕೂದಲೆಳೆಯಂಥ ಬಿರುಕುಗಳು ನಕ್ಷತ್ರದ ಆಕಾರದಲ್ಲಿ ಹರಡಿದ್ದವು. ನೆರಳಿನಲ್ಲಿದ್ದ ಒಳಮೈ ಮಾತ್ರ ಹೊಸದರಂತೆಯೇ ಇತ್ತು. ಬಿಸಿಲಿನ ರಕ್ಷಣೆಯಿಲ್ಲದ ಪಾಲಿಪ್ರೊಪಿಲಿನ್‌ಗೆ ನಮ್ಮ ಬಯಲುಸೀಮೆಯ ಬಿಸಿಲು ಮಾಡುವುದು ಇದನ್ನೇ. ಆದ್ದರಿಂದ ಯುವಿ ರಕ್ಷಕದ ಖರ್ಚನ್ನು ಯಾವ ಕಾರಣಕ್ಕೂ ಕಡಿತ ಮಾಡಬೇಡಿ. ಬಣ್ಣದ ಬಗ್ಗೆ ಗಿರಾಕಿಗಳ ಹಟವಿಲ್ಲದಿದ್ದರೆ ಶೇ 2ರಿಂದ 2.5ರಷ್ಟು ನಯವಾದ ಕಾರ್ಬನ್ ಬ್ಲ್ಯಾಕ್, ಅಂದರೆ ಕಪ್ಪು ಚೌಕಟ್ಟು, ಅತ್ಯಂತ ಅಗ್ಗದ ಹಾಗೂ ನಂಬಲರ್ಹ ರಕ್ಷಣೆ. ಬಿಳಿಯೇ ಬೇಕೆಂದರೆ ಟೈಟಾನಿಯಂ ಡೈಆಕ್ಸೈಡ್ ಜೊತೆಗೆ ಹಾಲ್ಸ್ ಎರಡೂ ಬೇಕು. ನಿಮ್ಮದೇ ರನ್ನರ್ (ಡೈಯೊಳಗೆ ಪ್ಲಾಸ್ಟಿಕ್ ಹರಿದುಬರುವ ಕಾಲುವೆಯಲ್ಲಿ ಉಳಿದ ತುಂಡು), ರಿಜೆಕ್ಟ್‌ಗಳನ್ನು ಶುಚಿಯಾಗಿ ಪುಡಿಮಾಡಿ ಶೇ 15ರಿಂದ 20ರವರೆಗೆ ಮರಳಿ ಬೆರೆಸುವುದಕ್ಕೆ ನನ್ನ ಆಕ್ಷೇಪವಿಲ್ಲ.

ಈಗ ಖರ್ಚು ನಿಜವಾಗಿ ಅಡಗಿರುವ ಜಾಗಕ್ಕೆ ಬರೋಣ. ನಿಮ್ಮ ಚೌಕಟ್ಟಿನಲ್ಲಿ ಹರಳಿನ ಖರ್ಚೇ 115 ರೂಪಾಯಿ. 350 ಟನ್ ಯಂತ್ರದ ಗಂಟೆಯ ದರವನ್ನು 600 ರೂಪಾಯಿ ಎಂದು ಹಿಡಿದರೆ 75 ಸೆಕೆಂಡಿಗೆ 12.50 ರೂಪಾಯಿ. ಎರಡನ್ನೂ ಒಟ್ಟಿಗೆ ಇಳಿಸುವ ಅಳತೆ ಒಂದೇ ಇದೆ, ಅದು ಗೋಡೆಯ ದಪ್ಪ. ದಪ್ಪ ಕಡಿಮೆಯಾದಷ್ಟೂ ಹರಳು ನೇರ ಪ್ರಮಾಣದಲ್ಲಿ ಉಳಿಯುತ್ತದೆ, ಆದರೆ ತಣಿಯುವ ಸಮಯ ದಪ್ಪದ ವರ್ಗಕ್ಕೆ (ದಪ್ಪ × ದಪ್ಪ) ತಕ್ಕಂತೆ ಇಳಿಯುತ್ತದೆ. 4 ಮಿ.ಮೀ. ಗೋಡೆಯನ್ನು 2.8ಕ್ಕೆ ತಂದರೆ ತಣಿಯುವ ಸಮಯ ಸರಿಸುಮಾರು ಅರ್ಧವಾಗುತ್ತದೆ. ನಿಮ್ಮ 75 ಸೆಕೆಂಡಿನಲ್ಲಿ 45 ಸೆಕೆಂಡು ತಣಿಸುವುದಕ್ಕೇ ಹೋಗುತ್ತಿದ್ದರೆ, ಶಾಟ್ 52–53 ಸೆಕೆಂಡಿಗೆ ಇಳಿಯುತ್ತದೆ. ತೂಕ, ಬಲಕ್ಕಾಗಿ ಹೊಸದಾಗಿ ಸೇರಿಸಬೇಕಾದ ರಿಬ್‌ಗಳನ್ನೂ (ತೆಳು ಅಡ್ಡಪಟ್ಟಿಗಳನ್ನೂ) ಹಿಡಿದು, 800 ಗ್ರಾಂನ ಆಸುಪಾಸಿಗೆ ಬರುತ್ತದೆ. ಹರಳಿನಲ್ಲಿ 27 ರೂಪಾಯಿ, ಯಂತ್ರದ ಸಮಯದಲ್ಲಿ ಸುಮಾರು 4 ರೂಪಾಯಿ ಉಳಿಯಿತು. ಯಾವ ಫಿಲ್ಲರ್‌ನಿಂದಲೂ ಇಷ್ಟು ಸಿಗುವುದಿಲ್ಲ.

ಆದರೆ ಒಂದು ಎಚ್ಚರಿಕೆ. ಶಾಟ್‌ನ ಸಮಯವನ್ನು ತೀರ್ಮಾನಿಸುವುದು ಸರಾಸರಿ ದಪ್ಪವಲ್ಲ, ಅತ್ಯಂತ ದಪ್ಪಗಿರುವ ಜಾಗ. ನಿಮ್ಮ ಮಾದರಿ ಚೌಕಟ್ಟಿನ ಒಂದು ಮೂಲೆಯನ್ನು ಹ್ಯಾಕ್ಸಾ ಬ್ಲೇಡಿನಿಂದ ಅಡ್ಡಕ್ಕೆ ಕತ್ತರಿಸಿ, ಕತ್ತರಿಸಿದ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ ಬೆಳಕಿಗೆ ಹಿಡಿಯಿರಿ. ಇಂಥ ಹಳೆಯ ಡೈಗಳಲ್ಲಿ ಗೋಡೆ 4 ಮಿ.ಮೀ. ಇದ್ದರೂ ಎರಡು ಬದಿ ಮತ್ತು ಮುಖ ಸೇರುವ ಮೂಲೆಯಲ್ಲಿ 8–9 ಮಿ.ಮೀ. ಗಡ್ಡೆಯೇ ಇರುತ್ತದೆ, ಅದರ ನಡುವೆ ಎಳ್ಳುಕಾಳಿನಷ್ಟು ಪೊಳ್ಳೂ ಕಾಣಬಹುದು. ಕೊನೆಯವರೆಗೆ ಬಿಸಿಯಾಗಿ ಉಳಿದು ನಿಮ್ಮ ಯಂತ್ರ ಕಾಯುತ್ತಾ ನಿಲ್ಲುವಂತೆ ಮಾಡುತ್ತಿರುವುದು ಆ ಗಡ್ಡೆ. ಹೊಸ ನಕ್ಷೆಯಲ್ಲಿ ಮೂಲೆಯನ್ನು ಹಿಂಬದಿಯಿಂದ ಕೊರೆದು ಅಲ್ಲಿಯೂ ಗೋಡೆ 2.8 ಮಿ.ಮೀ. ಆಗಿಯೇ ಸಾಗುವಂತೆ ಮಾಡಬೇಕು, ಒಳ ಮತ್ತು ಹೊರ ಅಂಚುಗಳ ದುಂಡುಗಳು ಒಂದೇ ಕೇಂದ್ರದಿಂದ ಎಳೆದಂತಿರಬೇಕು.

ದಪ್ಪ ಕಡಿಮೆಯಾದರೆ ಬಲ ಕಡಿಮೆಯಾಗುವುದಿಲ್ಲವೇ ಎಂಬ ನಿಮ್ಮ ಮುಂದಿನ ಪ್ರಶ್ನೆ ನ್ಯಾಯವಾದದ್ದು. ಚಪ್ಪಟೆ ಹಲಗೆಯಾಗಿದ್ದರೆ ಹಾಗೆಯೇ ಆಗುತ್ತಿತ್ತು, ಬಿಗಿತ ಮೂರನೇ ಒಂದು ಭಾಗಕ್ಕೆ ಕುಸಿಯುತ್ತಿತ್ತು. ಆದರೆ ನಿಮ್ಮ ಚೌಕಟ್ಟು ಮುಖವೊಂದು ಮತ್ತು ಎರಡು ಕಾಲುಗಳಿರುವ ದೋಣಿಯಂಥ ಯು ಆಕಾರ. ಅದರ ಬಿಗಿತವನ್ನು ಮುಖ್ಯವಾಗಿ ಕಾಲುಗಳ ಎತ್ತರ ನಿರ್ಧರಿಸುತ್ತದೆ. ದಪ್ಪ ಇಳಿದಾಗ ಬಿಗಿತವೂ ಅದೇ ಪ್ರಮಾಣದಲ್ಲಿ, ಅಂದರೆ ಶೇ 30ರಷ್ಟು ಮಾತ್ರ ಇಳಿಯುತ್ತದೆ. ಚೌಕಟ್ಟಿನ ಆಳವನ್ನು 50ರಿಂದ 55 ಮಿ.ಮೀ.ಗೆ ಏರಿಸಿದರೆ ಕಳೆದುಕೊಂಡದ್ದರಲ್ಲಿ ಬಹುಪಾಲು ಮರಳಿ ಸಿಗುತ್ತದೆ. ಯು ಒಳಗೆ ಪ್ರತಿ 60–70 ಮಿ.ಮೀ.ಗೆ ಒಂದು ಅಡ್ಡ ರಿಬ್ ಕೊಡಿ. ರಿಬ್‌ನ ಬುಡದ ದಪ್ಪ ಗೋಡೆಯ ಅರ್ಧದಿಂದ ಶೇ 60ನ್ನು ಮೀರಬಾರದು, ಮೀರಿದರೆ ಮುಂಭಾಗದಲ್ಲಿ ಸಿಂಕ್ ಮಾರ್ಕ್, ಅಂದರೆ ತಗ್ಗು, ಬೀಳುತ್ತದೆ. ಕಾಲುಗಳಿಗೆ ಕನಿಷ್ಠ 1 ಡಿಗ್ರಿ ಡ್ರಾಫ್ಟ್ (ಡೈಯಿಂದ ಸಲೀಸಾಗಿ ಹೊರಬರಲು ಕೊಡುವ ಓರೆ) ಇರಲಿ, ಹೊರಮೈಗೆ ಮರದ ಗೆರೆಯ ಟೆಕ್ಸ್ಚರ್ ಬೇಕೆಂದರೆ ಇನ್ನೂ ಹೆಚ್ಚು. ತೆಳುಗೋಡೆಯ ಅಪಾಯವನ್ನೂ ಹೇಳಿಬಿಡುತ್ತೇನೆ: ತುಂಬುವ ಒತ್ತಡ ಏರುತ್ತದೆ, ಹರಳಿನ ಹರಿವಿನ ಗುಣ ಬ್ಯಾಚಿನಿಂದ ಬ್ಯಾಚಿಗೆ ಬದಲಾದರೆ ಅದು ತಕ್ಷಣ ಕಾಣಿಸಿಕೊಳ್ಳುತ್ತದೆ. 4 ಮಿ.ಮೀ. ಗೋಡೆ ಕ್ಷಮಿಸುತ್ತಿದ್ದ ತಪ್ಪುಗಳನ್ನು 2.8 ಕ್ಷಮಿಸುವುದಿಲ್ಲ. ಇನ್ನೂ ಇಳಿಸಿ 2 ಮಿ.ಮೀ.ಗೆ ಹೋಗಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಗಾರೆಯವರು ಕರಣೆಯಿಂದ ತಟ್ಟಿ ಕೂರಿಸುವ ವಸ್ತು ಇದು.

ಸ್ಲೈಡರ್ ವಿಷಯ ನನಗೆ ಅತ್ಯಂತ ಪ್ರಿಯವಾದದ್ದು, ಏಕೆಂದರೆ ವಿನ್ಯಾಸಕನ ಒಂದು ಗಂಟೆಯ ಯೋಚನೆ ಲಕ್ಷಗಟ್ಟಲೆ ಉಳಿಸುವ ಜಾಗವಿದು. ಡೈ ಮಾಡುವವರು ನಿಮಗೆ ಸುಳ್ಳು ಹೇಳಿಲ್ಲ. ಗಾಜಿನ ಪಟ್ಟಿ ಹೊರಕ್ಕೆ ಇಳಿಜಾರಾಗಿ ಕೂರಲು ಎರಡು ಪಕ್ಕದ ಬದಿಗಳಲ್ಲಿ ಓರೆ ಗ್ರೂವ್ ಬೇಕು. ಆ ಗ್ರೂವ್ ತುಂಬಿದ ಉಕ್ಕು ಡೈ ನೇರವಾಗಿ ತೆರೆಯುವಾಗ ಗ್ರೂವ್‌ನ ಮೇಲಿನ ಅಥವಾ ಕೆಳಗಿನ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಅದನ್ನು ಪಕ್ಕಕ್ಕೆ ಎಳೆಯುವ ಸ್ಲೈಡರ್ ಬೇಕಾಗುತ್ತದೆ, ಅದೂ ಚೌಕಟ್ಟಿನ ಒಳಮುಖವಾಗಿ ಚಲಿಸುವ ಸ್ಲೈಡರ್.

ಆದರೆ ಗಾಜಿಗೆ ಬೇಕಿರುವುದು ಉದ್ದಕ್ಕೂ ಎರಡು ಗೋಡೆಯ ಗ್ರೂವ್ ಅಲ್ಲ. ಕೆಳಗಿನಿಂದ ಒಂದು ಆಧಾರ, ಮೇಲಿನಿಂದ ಒಂದು ತಡೆ. ಇವೆರಡೂ ಒಂದೇ ಜಾಗದಲ್ಲಿ ಎದುರುಬದುರಾಗಿ ಇರಬೇಕಾಗಿಲ್ಲ. ಗಾಜಿನ ಹೊರ ಅಂಚಿನ ಬಳಿ ಕೆಳಗಿನ ಆಧಾರದ ಗೂಟವನ್ನೂ, ನಡುವೆ ಮೇಲಿನ ತಡೆಯ ಗೂಟವನ್ನೂ, ಒಳ ಅಂಚಿನ ಬಳಿ ಮತ್ತೆ ಕೆಳಗಿನ ಆಧಾರವನ್ನೂ ಕೊಟ್ಟರೆ ಗಾಜು ಮೂರು ಬಿಂದುಗಳ ನಡುವೆ ಭದ್ರವಾಗಿ ನಿಲ್ಲುತ್ತದೆ. ಆಧಾರದ ಗೂಟಗಳ ಇಳಿಜಾರು ಮೈ ಹೊರಕ್ಕೆ ಮುಖ ಮಾಡಿರುತ್ತದೆ, ಅದನ್ನು ಡೈಯ ಹೊರ ಅರ್ಧ ರೂಪಿಸಿ ನೇರವಾಗಿ ಹಿಂದೆ ಸರಿಯುತ್ತದೆ. ತಡೆಯ ಗೂಟದ ಮೈ ಒಳಕ್ಕೆ ಮುಖ ಮಾಡಿರುತ್ತದೆ, ಅದನ್ನು ಒಳ ಅರ್ಧ ರೂಪಿಸುತ್ತದೆ. ಒಂದರ ದಾರಿಯಲ್ಲಿ ಇನ್ನೊಂದು ಬಾರದಂತೆ ಮೇಲೆ ಕೆಳಗೆ ಸರಿಸಿಟ್ಟರೆ ಸಾಕು, ಸ್ಲೈಡರ್ ಬೇಕೇ ಇಲ್ಲ. ಇಲ್ಲಿ ಎರಡು ಅರ್ಧಗಳ ಉಕ್ಕು ಒಂದಕ್ಕೊಂದು ಉಜ್ಜಿ ಮುಚ್ಚಿಕೊಳ್ಳುವ ಮೈಗಳಿರುತ್ತವೆ. ಅವುಗಳಿಗೆ 3ರಿಂದ 5 ಡಿಗ್ರಿ ಇಳಿಜಾರು ಕೊಡದಿದ್ದರೆ ಬೇಗ ಸವೆದು ಫ್ಲ್ಯಾಶ್ (ಸಂದಿಯಿಂದ ಹೊರಚೆಲ್ಲುವ ತೆಳು ಪ್ಲಾಸ್ಟಿಕ್) ಬರುತ್ತದೆ. ಈ ಅಪಾಯವನ್ನು ಡೈ ಮಾಡುವವರೊಡನೆ ಮೊದಲೇ ಮಾತಾಡಿಕೊಳ್ಳಿ. ಸೊಳ್ಳೆಪರದೆಯನ್ನು ಕೂರಿಸುವ ಅಂಚಿಗೂ ಇದೇ ತತ್ವ: ಮುಚ್ಚಿದ ಗ್ರೂವ್ ಬದಲು ತೆರೆದ ಎಲ್ ಮೆಟ್ಟಿಲು, ಅದರ ಮೇಲೆ ಕ್ಲಿಪ್ ಆಗುವ ಪ್ರತ್ಯೇಕ ಪಟ್ಟಿ.

ಸ್ಲೈಡರ್ ಹೋದರೆ ಡೈಯ ಬೆಲೆಯಲ್ಲಿ, ಉದಾಹರಣೆಗೆ 3 ಲಕ್ಷ ಕಡಿಮೆಯಾಯಿತೆನ್ನಿ. 50,000 ಚೌಕಟ್ಟುಗಳಿಗೆ ಹಂಚಿದರೆ ತಲಾ 6 ರೂಪಾಯಿ. ಇದರ ಜೊತೆಗೆ ಚೌಕಟ್ಟಿನ ನಡುವಿನ ಖಾಲಿ ಜಾಗವೂ ಬಿಡುವಾಗುತ್ತದೆ. ಪ್ಲಾಸ್ಟಿಕ್ ಡೈಯೊಳಗೆ ಬರುವ ಮುಖ್ಯ ದಾರಿಯಾದ ಸ್ಪ್ರೂವನ್ನು ನಡುವೆ ಇಳಿಸಿ, ಆ ಖಾಲಿ ಜಾಗದಲ್ಲೇ ರನ್ನರ್ ಹಾಯಿಸಿ, ಚೌಕಟ್ಟಿನ ಒಳ ಅಂಚಿಗೆ ಟನಲ್ ಗೇಟ್, ಅಂದರೆ ಪ್ಲಾಸ್ಟಿಕ್ ಚೌಕಟ್ಟಿನೊಳಗೆ ನುಗ್ಗುವ ಓರೆಯ ಕಿರುಬಾಯಿ, ಕೊಡಬಹುದು. ಗೇಟ್ ತಾನಾಗಿ ಕತ್ತರಿಸಿಕೊಳ್ಳುತ್ತದೆ, ಬ್ಲೇಡು ಹಿಡಿದು ಕೂರುವ ಆಳು ಬೇಡ. ಪರದೆಯ ಪಟ್ಟಿಯನ್ನೂ ಅಲ್ಲೇ ಎರೆಯೋಣ ಎನ್ನಿಸಬಹುದು, ಆದರೆ ನಿಮ್ಮ ವಿಷಯದಲ್ಲಿ ಬೇಡ. 50 ಮಿ.ಮೀ. ಅಗಲದ ಮುಖವಿರುವ ನಿಮ್ಮ ಚೌಕಟ್ಟಿನ ಎದುರು ವಿಸ್ತೀರ್ಣವೇ (ಡೈ ತೆರೆಯುವ ದಿಕ್ಕಿನಿಂದ ಕಾಣುವ ಮೈ) 950 ಚದರ ಸೆಂ.ಮೀ.; ಚದರ ಸೆಂಟಿಮೀಟರಿಗೆ 0.35 ಟನ್‌ನಂತೆ ಡೈಯನ್ನು ಮುಚ್ಚಿ ಹಿಡಿಯಲು 330 ಟನ್ ಕ್ಲ್ಯಾಂಪಿಂಗ್ ಬಲ ಬೇಕು. 350 ಟನ್ ಯಂತ್ರದಲ್ಲಿ ಇದಕ್ಕಿಂತ ಹೆಚ್ಚು ಹೊರಿಸಲು ಜಾಗವಿಲ್ಲ. ಪಟ್ಟಿಗಳನ್ನು ಬೇರೆ ಸಣ್ಣ ಡೈಯಲ್ಲಿ 180 ಟನ್ ಯಂತ್ರಕ್ಕೆ ಕೊಡಿ.

ಗೇಟ್ ಎಲ್ಲಿರಬೇಕೆಂಬುದು ಚೌಕಟ್ಟಿನಲ್ಲಿ ಬಹಳ ಮುಖ್ಯ. ಉಂಗುರದಂತೆ ಮುಚ್ಚಿದ ಆಕಾರದಲ್ಲಿ ಕರಗಿದ ಪ್ಲಾಸ್ಟಿಕ್ ಎರಡು ದಾರಿ ಹಿಡಿದು ಹರಿದು ಮತ್ತೆ ಎದುರಾಗಿ ಕೂಡಲೇಬೇಕು. ಎಷ್ಟು ಗೇಟ್‌ಗಳೋ ಅಷ್ಟು ಕೂಡುಗೆರೆಗಳು, ಅಂದರೆ ವೆಲ್ಡ್ ಲೈನ್‌ಗಳು. ಅವನ್ನು ತಪ್ಪಿಸಲಾಗದು, ಎಲ್ಲಿ ಬೀಳಬೇಕೆಂದು ಆರಿಸಬಹುದು. ಒಂದೇ ಗೇಟ್ ಇದ್ದರೆ 2.8 ಮಿ.ಮೀ. ಗೋಡೆಯಲ್ಲಿ ಸುಮಾರು 950 ಮಿ.ಮೀ. ಹರಿಯಬೇಕಾಗುತ್ತದೆ, ಅದು ಅತಿಯಾಯಿತು. ಎರಡು ಪಕ್ಕದ ಬದಿಗಳ ನಡುಮಧ್ಯೆ ಒಂದೊಂದು ಗೇಟ್ ಕೊಟ್ಟರೆ ಹರಿವು ಅದರ ಅರ್ಧವಾಗುತ್ತದೆ, ಕೂಡುಗೆರೆಗಳು ಮೇಲಿನ ಮತ್ತು ಕೆಳಗಿನ ಬದಿಗಳ ಮಧ್ಯದಲ್ಲಿ, ಗಾಜಿನ ಗೂಟಗಳಿಂದಲೂ ಮೂಲೆಗಳಿಂದಲೂ ದೂರ ಬೀಳುತ್ತವೆ. ಸ್ಕ್ರೂ ತೂತುಗಳನ್ನು ಆ ಗೆರೆಯ ಮೇಲೆ ಇಡಬೇಡಿ.

ಉದ್ದದ ಬದಿ ಒಳಕ್ಕೆ ಬಾಗುವುದಕ್ಕೆ ಹರಳನ್ನೋ ಆಪರೇಟರನ್ನೋ ದೂರುವುದು ವಾಡಿಕೆ. ಕಾರಣ ಡೈಯ ಒಳಗಿದೆ. ಮೂಲೆಯ ಒಳಭಾಗದ ಉಕ್ಕಿಗೆ ಎರಡು ಕಡೆಯಿಂದ ಬಿಸಿ ಬರುತ್ತದೆ, ನೀರಿನ ದಾರಿ ಮಾತ್ರ ಅಲ್ಲಿಗೆ ತಲುಪಿರುವುದಿಲ್ಲ. ಒಳಮೈ ಕೊನೆಗೆ ತಣಿಯುತ್ತದೆ, ಕೊನೆಗೆ ತಣಿದದ್ದು ಹೆಚ್ಚು ಕುಗ್ಗುತ್ತದೆ, ಹೆಚ್ಚು ಕುಗ್ಗಿದ ಕಡೆಗೆ ಬದಿ ಎಳೆಯಲ್ಪಡುತ್ತದೆ. ಪಾಲಿಪ್ರೊಪಿಲಿನ್‌ನ ಕುಗ್ಗುವಿಕೆ ಶೇ 1ರಿಂದ 2.5ರವರೆಗೆ ಇರುವುದರಿಂದ ಸಣ್ಣ ವ್ಯತ್ಯಾಸವೂ 600 ಮಿ.ಮೀ. ಉದ್ದದಲ್ಲಿ ದೊಡ್ಡದಾಗಿ ಕಾಣುತ್ತದೆ. ಕೋರ್‌ಗೆ (ಚೌಕಟ್ಟಿನ ಒಳಮೈ ರೂಪಿಸುವ ಉಕ್ಕಿಗೆ) ಪ್ರತ್ಯೇಕ ನೀರಿನ ಸಾಲು, ಮೂಲೆಗಳಲ್ಲಿ ನೀರನ್ನು ಆಳಕ್ಕೆ ತಿರುಗಿಸುವ ಬ್ಯಾಫಲ್, ಸಾಧ್ಯವಾದರೆ ಶಾಖವನ್ನು ಬೇಗ ಹೀರುವ ಬೆರಿಲಿಯಂ ತಾಮ್ರದ ಇನ್ಸರ್ಟ್ (ಡೈಯಲ್ಲಿ ಕೂರಿಸುವ ತುಂಡು): ಡೈಗೆ ಹಾಕುವ ಹಣದಲ್ಲಿ ಮೊದಲ ಪಾಲು ಇದಕ್ಕೆ ಹೋಗಲಿ. ಡೈಯ ಉಕ್ಕು ಪಿ-20 ದರ್ಜೆಯದಾದರೆ ಸಾಕು. ಅಗ್ಗದ ಡೈಯೆಂದು ನೀರಿನ ಸಾಲು ಕಡಿಮೆ ಮಾಡಿದ ಡೈಯನ್ನು ಕೊಂಡರೆ ಪ್ರತಿ ಶಾಟ್‌ನಲ್ಲೂ ಅದರ ಬಡ್ಡಿ ಕಟ್ಟುತ್ತೀರಿ. ಚೌಕಟ್ಟು ಹೊರಬಂದ ಮೇಲೆ ಮರದ ಜಿಗ್‌ನಲ್ಲಿ ಕೂರಿಸಿ ತಣಿಸುವುದು ನೆರವಾಗುತ್ತದೆ, ಆದರೆ ಅದು ಕೆಟ್ಟ ಕೂಲಿಂಗ್‌ಗೆ ಮದ್ದಲ್ಲ. ಬಿಸಿಲಿಗೆ ಬಿದ್ದಾಗ ಬಲವಂತದಿಂದ ನೆಟ್ಟಗಾಗಿಸಿದ ಬದಿ ಮತ್ತೆ ಬಾಗುತ್ತದೆ.

ನಾಲ್ಕು ಬದಿಗಳನ್ನು ಬೇರೆ ಬೇರೆಯಾಗಿ ಎರೆದು ಮೂಲೆಯಲ್ಲಿ ಜೋಡಿಸುವ ದಾರಿಯೂ ಇದೆ. ಸಣ್ಣ ಡೈ, ಚಪ್ಪಟೆಯಾಗಿ ಸಾಗಿಸುವ ಅನುಕೂಲ, ಬದಿಗಳನ್ನು ಬದಲಿಸಿ ಹಲವು ಅಳತೆ ಮಾಡುವ ಸೌಲಭ್ಯ ಅದರ ಲಾಭ. ಜೋಡಣೆಯ ಕೂಲಿ, ಮೂಲೆಯಲ್ಲಿ ನೀರು ಜಿನುಗುವ ಭಯ ಅದರ ನಷ್ಟ. ಪಾಲಿಪ್ರೊಪಿಲಿನ್‌ಗೆ ಅಂಟು ಹಿಡಿಯುವುದಿಲ್ಲವಾದ್ದರಿಂದ ಮೂಲೆಯನ್ನು ಕ್ಲಿಪ್ ಇಲ್ಲವೇ ಸ್ಕ್ರೂನಿಂದಲೇ ಹಿಡಿಸಬೇಕು. ನಿಮ್ಮ ಒಂದೇ ಅಳತೆಯ ವೆಂಟಿಲೇಟರ್‌ಗೆ ಇಡಿಯ ಚೌಕಟ್ಟೇ ಸರಿ ಎಂಬುದು ನನ್ನ ಅಭಿಪ್ರಾಯ.

ಅಂಟು ಹಿಡಿಯದ ಈ ಗುಣವನ್ನು ಮನೆಯ ಗೋಡೆಯ ವಿಷಯದಲ್ಲೂ ನೆನಪಿಡಿ. ಸಿಮೆಂಟ್ ಗಾರೆಯೂ ಸಾಮಾನ್ಯ ಸಿಲಿಕೋನೂ ಇದಕ್ಕೆ ಗಟ್ಟಿಯಾಗಿ ಕಚ್ಚುವುದಿಲ್ಲ. ಜೊತೆಗೆ, ತಾಪಮಾನ 40 ಡಿಗ್ರಿ ಏರಿಳಿದರೆ 600 ಮಿ.ಮೀ. ಬದಿ ಎರಡೂವರೆ ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಹಿಗ್ಗಿ ಕುಗ್ಗುತ್ತದೆ, ಗೋಡೆ ಕಾಲು ಮಿ.ಮೀ. ಮಾತ್ರ. ಹೊರ ಕಾಲಿನ ಮೇಲೆ ಗಾರೆ ಹಿಡಿದುಕೊಳ್ಳುವ ಬಾಲದಂಥ ಕಿವಿಗಳನ್ನು ಡೈಯಲ್ಲೇ ಕೊಡಿ, ಸ್ಕ್ರೂ ತೂತುಗಳನ್ನು ದುಂಡಗೆ ಮಾಡದೆ ಉದ್ದುದ್ದವಾಗಿ ಮಾಡಿ. ಇವೆರಡಕ್ಕೂ ಹರಳಿನ ಖರ್ಚು ಲೆಕ್ಕಕ್ಕೆ ಬಾರದಷ್ಟು.

ಡೈ ಕತ್ತರಿಸುವ ಮೊದಲು ಕಂಪ್ಯೂಟರಿನಲ್ಲಿ ಹರಿವು ಮತ್ತು ಬಾಗುವಿಕೆಯ ವಿಶ್ಲೇಷಣೆ ಮಾಡಿಸುವುದು ಒಳ್ಳೆಯದು. ಬೆಂಗಳೂರಿನ ರಾಜಾಜಿನಗರದಲ್ಲಿ 1972ರಿಂದ ನಡೆದುಬಂದಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಡೈ ವಿನ್ಯಾಸದ ಬಗ್ಗೆ ವಿಚಾರಿಸಲು ತಕ್ಕ ಜಾಗ. ಹರಳಿನ ಪರೀಕ್ಷೆಯ ಬಗ್ಗೆ, ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆಯಾದ ಸಿಪೆಟ್‌ನ ಮೈಸೂರು ಕೇಂದ್ರದಲ್ಲಿ ಕೇಳಿ.

ಕೊನೆಗೆ 4 × 4 ಅಡಿ ಕಿಟಕಿ. ಇದೇ ವಿಧಾನದಲ್ಲಿ ಅದಕ್ಕೆ ಹೋಗಬೇಡಿ. 60 ಮಿ.ಮೀ. ಮುಖವಿರುವ ಆ ಗಾತ್ರದ ಚೌಕಟ್ಟಿನ ಎದುರು ವಿಸ್ತೀರ್ಣ 2,700 ಚದರ ಸೆಂ.ಮೀ. ದಾಟುತ್ತದೆ, ಬೇಕಾಗುವ ಯಂತ್ರ ಸಾವಿರ ಟನ್‌ನದು, ಡೈಯ ಬೆಲೆ ಅದಕ್ಕೆ ತಕ್ಕಂತೆ, ಮತ್ತು ಆ ಡೈಯಿಂದ ಬರುವುದು ಒಂದೇ ಅಳತೆ. ಆ ಗಾತ್ರದ ಕಿಟಕಿಗಳನ್ನು ಯುಪಿವಿಸಿ (ಗಟ್ಟಿ ಪಿವಿಸಿ) ಪ್ರೊಫೈಲ್‌ಗಳಿಂದ, ಅಂದರೆ ಉದ್ದನೆಯ ಪಟ್ಟಿಗಳಿಂದ, ಮಾಡುವುದಕ್ಕೆ ಕಾರಣವಿದೆ. ಒಳಗೆ ಹಲವು ಪೊಳ್ಳು ಕೋಣೆಗಳಿರುವ ಪಟ್ಟಿಯನ್ನು ಎಕ್ಸ್‌ಟ್ರೂಷನ್‌ನಲ್ಲಿ ಎಡೆಬಿಡದೆ ಎಳೆದು, ಬೇಕಾದ ಅಳತೆಗೆ 45 ಡಿಗ್ರಿಯಲ್ಲಿ ಕತ್ತರಿಸಿ, ಸುಮಾರು 250 ಡಿಗ್ರಿಯ ಬಿಸಿ ತಟ್ಟೆಯಿಂದ ಮೂಲೆಗಳನ್ನು ಬೆಸೆಯುತ್ತಾರೆ, ದೊಡ್ಡ ಕಿಟಕಿಗೆ ಒಳಗೆ ಉಕ್ಕಿನ ಪಟ್ಟಿ ತೂರಿಸುತ್ತಾರೆ. ಅಂಥ ಮುಚ್ಚಿದ ಪೊಳ್ಳನ್ನು ನಿಮ್ಮ ಡೈಯಲ್ಲಿ ಎರೆಯಲಾಗದು. ಪಿವಿಸಿಯನ್ನು ನಿಮ್ಮ ಈಗಿನ ಯಂತ್ರದಲ್ಲಿ ಪ್ರಯತ್ನಿಸುವುದೂ ಬೇಡ. ಅದು ಬಿಸಿ ಹೆಚ್ಚಾದರೆ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಬಿಡುತ್ತದೆ, ಸ್ಕ್ರೂ, ಬ್ಯಾರಲ್, ಡೈ ಮೂರನ್ನೂ ತುಕ್ಕು ತಿನ್ನುತ್ತದೆ. ದೊಡ್ಡ ಕಿಟಕಿಯ ವ್ಯಾಪಾರಕ್ಕೆ ಕಾಲಿಡಬೇಕೆಂದಿದ್ದರೆ, ಯುಪಿವಿಸಿ ಕಿಟಕಿ ಜೋಡಿಸುವವರಿಗೆ ಬೇಕಾಗುವ ಗಾಜಿನ ಪ್ಯಾಕರ್ (ಗಾಜಿನ ಅಂಚಿಗೆ ಇಡುವ ಬಿಲ್ಲೆ), ನೀರು ಹೊರಬಿಡುವ ತೂತಿನ ಮುಚ್ಚಳ, ಪರದೆ ಚೌಕಟ್ಟಿನ ಮೂಲೆತುಂಡುಗಳಿಂದ ಆರಂಭಿಸಿ. ಅವೆಲ್ಲ ನಿಮ್ಮ 180 ಟನ್ ಯಂತ್ರಕ್ಕೆ ಹೊಂದುವ ಕೆಲಸ.